ಕಾರಿನೊಳಗೆ ಕೊಡೆ!

ಸಿನಿಮಾದಲ್ಲಿ ಹೀರೋ ತೆರೆದ ಕಾರಿನಲ್ಲಿ ಬರ್ತಾನೆ. ಕೂದಲು ಹಾರುತ್ತೆ. ಪಕ್ಕದಲ್ಲಿ ಕೂತವಳ ಸೆರಗು ಹಾರುತ್ತೆ. ಹಾಡು ಶುರುವಾಗುತ್ತೆ. ಗಾಂಧಿ ಕ್ಲಾಸಿನಿಂದ ಸೀಟಿಯೋ ಸೀಟಿ!

ಆ ಕಾರಿನ ಟಾಪು ಎಲ್ಲಿ ಹೋಯ್ತು ಅಂತ ನೀವು ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಮಾಡಿರಲ್ಲ ಬಿಡಿ. ಹೀರೋಯಿನ್ ಪಕ್ಕದಲ್ಲಿರುವಾಗ ಕಾರಿನ ಟಾಪಿನ ಚಿಂತೆ ಯಾರಿಗೆ ಬೇಕು?

ನನಗೆ ಗೊತ್ತು ಸ್ವಾಮಿ, ಟಾಪು ಎಲ್ಲಿ ಹೋಗುತ್ತೆ ಅಂತ. ಗ್ಯಾರೇಜಿನ ಮೂಲೆಯಲ್ಲಿ ಎರಡು ಗೋಣಿಚೀಲದ ಮೇಲೆ, ಬೋರಲು ಮಲಗಿದ ಆಮೆ ಹಾಗೆ ಬಿದ್ದಿರುತ್ತೆ. ಹಾಡು ಮುಗಿದ ಮೇಲೆ ಅದನ್ನು ಎತ್ತಿ ತಂದು ಮತ್ತೆ ಕಾರಿನ ಮೇಲೆ ಕೂರಿಸಬೇಕು. ಮಳೆ ಬಂದರೆ ಒಂದು ಹನಿಯೂ ಒಳಗೆ ಇಳಿಯಬಾರದು. ಹಾಗೆ ಇಳಿಯದಂತೆ ಮಾಡೋದು ನಾಲ್ಕು ಕಾಸಿನ ರಬ್ಬರ್ ಬೀಡಿಂಗು. ಆ ಬೀಡಿಂಗನ್ನು 1984ರ ಸೆಪ್ಟೆಂಬರ್ ತಿಂಗಳಲ್ಲಿ ನಾನು ಒಂದು ಸಲ ತಪ್ಪಾಗಿ ಕೂರಿಸಿದೆ. ಆ ಕಥೆ ಇದು.

ಗಾಂಧಿನಗರ ಬಿಟ್ಟು ಗ್ಯಾರೇಜಿಗೆ

ಆಗ ನನಗೆ ಹತ್ತೊಂಬತ್ತು ವರ್ಷ. ಮಂಡ್ಯದ ಕಡೆಯವನು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ. ಊರಲ್ಲಿ ಎಲ್ಲರೂ "ನೀನು ನೋಡೋಕೆ ಥೇಟ್ ಹೀರೋ ಥರ ಇದ್ದೀಯ ಕಣ್ಲಾ" ಅಂದು ಅಂದು ತಲೆ ಕೆಡಿಸಿದ್ದರು. ಒಂದು ಜೊತೆ ಬೆಲ್‌ಬಾಟಮ್ ಪ್ಯಾಂಟು ಕಟ್ಟಿಕೊಂಡು ಬೆಂಗಳೂರು ಬಸ್ ಹತ್ತಿದೆ. ಗಾಂಧಿನಗರದ ಆಫೀಸುಗಳ ಮೆಟ್ಟಿಲು ಹತ್ತಿದ್ದೂ ಆಯಿತು, ಇಳಿದದ್ದೂ ಆಯಿತು. ಹೊಟ್ಟೆ ಕೇಳಬೇಕಲ್ಲ? ಜೆ.ಸಿ. ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ಗ್ಯಾರೇಜಿಗೆ ಸೇರಿಕೊಂಡೆ. ವಾರಕ್ಕೆ 35 ರೂಪಾಯಿ, ಎರಡು ಹೊತ್ತು ಟೀ, ಮಲಗೋಕೆ ಗ್ಯಾರೇಜಿನ ಬೆಂಚು.

ಗ್ಯಾರೇಜಿಗೆ ಸೇರುವಾಗಲೂ ತಲೆಯೊಳಗೆ ಸಿನಿಮಾನೇ. 1958ರ 'ಚಲ್ತಿ ಕಾ ನಾಮ್ ಗಾಡಿ' ನೀವು ನೋಡಿರಬಹುದು. ಕಿಶೋರ್ ಕುಮಾರ್ ಗ್ಯಾರೇಜಿನಲ್ಲಿ ರಾತ್ರಿ ಒಬ್ಬನೇ ಇರ್ತಾನೆ. ಜೋರು ಮಳೆ. ಕಾರು ಕೆಟ್ಟು ನೆನೆದು ತೊಪ್ಪೆಯಾದ ಮಧುಬಾಲಾ ಒಳಗೆ ಬರ್ತಾಳೆ! ರಾತ್ರಿ ಮಳೆ ಶುರುವಾದರೆ ಸಾಕು, ನಾನು ಎದ್ದು ತಲೆ ಬಾಚಿಕೊಂಡು ಕೂರುತ್ತಿದ್ದೆ. ಎಲ್ಲಾದರೂ ಒಂದು ಕಾರು ಕೆಡಬಾರದೇ ಅಂತ.

ಯಾರೂ ಬರಲಿಲ್ಲ. ಕೊನೆಗೊಂದು ದಿನ ಮಳೆಯಿಂದಾಗಿ ಒಬ್ಬರು ಬಂದರು. ಅವರು ಯಾರು ಅನ್ನೋದನ್ನು ಆಮೇಲೆ ಹೇಳ್ತೀನಿ.

ಬೋಲ್ಟ್ ಬಿಚ್ಚಿದರೆ ಹೀರೋ ಕಾರು

ನಮ್ಮ ಗ್ಯಾರೇಜಿಗೆ ಬಸವನಗುಡಿಯ ಒಬ್ಬ ಡಾಕ್ಟರು ಬರುತ್ತಿದ್ದರು. ಸರ್ಕಾರಿ ಕೆಲಸದಿಂದ ರಿಟೈರಾಗಿದ್ದವರು. ಅವರದು 1964ರ ಸ್ಟಾಂಡರ್ಡ್ ಹೆರಾಲ್ಡ್, ಕೆನೆ ಬಣ್ಣ, ಎರಡು ಬಾಗಿಲು.

ಹೆರಾಲ್ಡ್ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ನಮ್ಮ ಕಾಲದ ರಸ್ತೆಯಲ್ಲಿ ಕಂಡದ್ದೆಲ್ಲ ಅಂಬಾಸಿಡರ್ರು, ಫಿಯೆಟ್ಟು. ಮೂರನೆಯದು ಈ ಸ್ಟಾಂಡರ್ಡ್. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂತು. ರೂಪ ಕೊಟ್ಟವನು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನಲ್ಲಿ ಸ್ಟಾಂಡರ್ಡ್ ಹೆರಾಲ್ಡ್ ಅನ್ನೋ ಹೆಸರಲ್ಲಿ ತಯಾರಾಯಿತು. 948 ಸಿಸಿಯ ಚಿಕ್ಕ ಎಂಜಿನ್ನು. ಬಾನೆಟ್ಟು, ಮಡ್‌ಗಾರ್ಡು ಎಲ್ಲ ಒಟ್ಟಿಗೇ ಮೊಸಳೆ ಬಾಯಿ ಥರ ಮುಂದಕ್ಕೆ ತೆರೆದುಕೊಳ್ಳುತ್ತೆ. 1968ರಲ್ಲಿ ನಾಲ್ಕು ಬಾಗಿಲಿನದೂ ಬಂತು. ಅದು ನಮ್ಮ ದೇಶದ್ದೇ ಮಾದರಿ.

ಇದರ ದೊಡ್ಡ ವಿಶೇಷ ಬೇರೆ. ಆ ಕಾಲಕ್ಕೆ ಬೇರೆ ಕಂಪನಿಗಳು ಚಾಸಿಸ್ಸು, ಬಾಡಿ ಎರಡನ್ನೂ ಒಂದೇ ಮಾಡಿ ಬೆಸುಗೆ ಹಾಕುತ್ತಿದ್ದವು. ಇವರಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆ ಎದುರಾಳಿಗಳ ಕೈ ಸೇರಿಬಿಟ್ಟಿತು. ಬೇರೆ ದಾರಿಯಿಲ್ಲದೆ ಬಾಡಿಯನ್ನು ತುಂಡು ತುಂಡಾಗಿ ಮಾಡಿ, ಬೇರೆಯಾದ ಚಾಸಿಸ್ ಮೇಲೆ ಬೋಲ್ಟ್ ಹಾಕಿ ಜೋಡಿಸಿದರು. ಟಾಪು ಕೂಡಾ ಬೋಲ್ಟಿನದೇ! ಮುಂದಿನ ಗಾಜಿನ ಫ್ರೇಮಿನ ಮೇಲೆ, ಬಾಗಿಲ ಹಿಂದೆ, ಡಿಕ್ಕಿಯ ಮುಂದೆ. ಬೋಲ್ಟ್ ಬಿಚ್ಚಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿದರೆ ಹಿಂದಿನ ಗಾಜಿನ ಸಮೇತ ಟಾಪು ಕೈಗೆ ಬರುತ್ತೆ. ಬಾಗಿಲಿನ ಗಾಜಿಗೆ ಮೇಲೆ ಚೌಕಟ್ಟೇ ಇಲ್ಲ. ಗಾಜು ಇಳಿಸಿದರೆ ಮುಗೀತು, ಸಂಸಾರಸ್ಥರ ಕಾರು ಹೀರೋ ಕಾರಾಯಿತು!

ವಿದೇಶದ ಸಿರಿವಂತ ಕಾರುಗಳಲ್ಲಿ ಇದು ಇನ್ನೂ ಸಲೀಸು. 1963ರ ಮರ್ಸಿಡಿಸ್ 230 ಎಸ್ಎಲ್‌ನಲ್ಲಿ ಬೋಲ್ಟ್ ಕೂಡಾ ಬೇಡ, ಚಿಲಕ ತಿರುಗಿಸಿ ಎತ್ತೋದು ಅಷ್ಟೆ. ಮಧ್ಯೆ ತಗ್ಗು, ಪಕ್ಕ ಎತ್ತರವಾದ ಅದರ ಟಾಪನ್ನು ನೋಡಿ ಜನ 'ಪಗೋಡ' ಅಂತಲೇ ಕರೆದರು. 1967ರ 'ಟೂ ಫಾರ್ ದಿ ರೋಡ್' ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್ ಓಡಾಡೋದು ಬಿಳಿಯ 230 ಎಸ್ಎಲ್‌ನಲ್ಲಿ. ಅದೇ ಚಿತ್ರದಲ್ಲಿ ನಮ್ಮ ಹೆರಾಲ್ಡಿನ ಅಕ್ಕ, ಕೆಂಪು ಟ್ರಯಂಫ್ ಹೆರಾಲ್ಡೂ ಇದೆ. ಆದರೆ ಕಾರು ಸಾವಿರದ್ದಿರಲಿ, ಲಕ್ಷದ್ದಿರಲಿ, ಕಬ್ಬಿಣಕ್ಕೂ ಕಬ್ಬಿಣಕ್ಕೂ ಮಧ್ಯೆ ನೀರು ತಡೆಯೋದು ಮಾತ್ರ ರಬ್ಬರೇ.

ಒಂದು ಶನಿವಾರ ಸಂಜೆ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಬಂದ. ಡ್ಯುಯೆಟ್ ಹಾಡಿಗೆ ತೆರೆದ ಕಾರು ಬೇಕಂತೆ. ಸೋಮವಾರ ನಂದಿಬೆಟ್ಟದಲ್ಲಿ ಶೂಟಿಂಗು. ಮೇಸ್ತ್ರಿ ಡಾಕ್ಟರಿಗೆ ಹೇಳಿ ಕಳಿಸಿದರು. ಡಾಕ್ಟರ ಮಗಳಿಗೆ ಎರಡು ದಿನದ ಹಿಂದೆ ಹೆಣ್ಣುಮಗು ಆಗಿತ್ತು. "ನಾಮಕರಣದ ಖರ್ಚಿಗೆ ಆಗುತ್ತೆ, ತಗೊಂಡು ಹೋಗ್ರಯ್ಯ. ಆದರೆ ಬುಧವಾರ ಮಗೂನ ಮನೆಗೆ ಕರ್ಕೊಂಡು ಬರಬೇಕು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ನನ್ನ ಮನೆ ಮುಂದಿರಬೇಕು" ಅಂದರು.

ಮೇಸ್ತ್ರಿ ಹಳೇ ಬೀಡಿಂಗನ್ನು ಉಗುರಿನಿಂದ ಒತ್ತಿ ನೋಡಿದರು. ಒಣಗಿದ ಬೇಲದ ಸಿಪ್ಪೆ ಥರ ಪಟ್ ಅಂತ ಮುರೀತು. "ಟಾಪು ಎತ್ತಿದರೆ ಇದು ಮತ್ತೆ ಕೂರಲ್ಲ" ಅಂದವರೇ ಟ್ವೈನು ದಾರದಿಂದ ಸುತ್ತ ಅಳತೆ ತೆಗೆದು, ಅಂಗಡಿ ಮುಚ್ಚೋ ಮುಂಚೆ ಓಡಿಹೋಗಿ ಹೊಸ ಬೀಡಿಂಗ್ ತಂದರು. ಅಳತೆಗಿಂತ ಒಂದು ಗೇಣು ಹೆಚ್ಚಿಗೆ.

ಭಾನುವಾರ ಟಾಪು ಇಳಿಸಿದೆವು. ಅದೇ ರಾತ್ರಿ ಮೇಸ್ತ್ರಿಗೆ ಚನ್ನಪಟ್ಟಣದಿಂದ ಸುದ್ದಿ ಬಂತು, ಅವರ ತಾಯಿಗೆ ಹುಷಾರಿಲ್ಲ ಅಂತ. ಹೊರಡುವಾಗ ಬೀಡಿಂಗ್ ಸುರುಳಿಯನ್ನು ನನ್ನ ಕೈಗೆ ಕೊಟ್ಟರು. "ನಾಳೆ ಕಾರಿನ ಜೊತೆ ನೀನೇ ಹೋಗು. ವಾಪಸ್ ಬಂದು ನೀನೇ ಕೂರಿಸು. ನೋಡಿದ್ದೀಯಲ್ಲ ನಾನು ಮಾಡೋದನ್ನ? ಒಂದೇ ಮಾತು ನೆನಪಿರಲಿ ಮಗಾ. ರಬ್ಬರನ್ನ ಎಳೀಬೇಡ."

ನಾನು ತಲೆಯಾಡಿಸಿದೆ. ತಲೆ ಅದಾಗಲೇ ನಂದಿಬೆಟ್ಟದಲ್ಲಿತ್ತು!

ನಾನೂ ಆ ಸಿನಿಮಾದಲ್ಲಿದ್ದೀನಿ!

ಹೌದು ಗೆಳೆಯರೇ, ಇದ್ದೀನಿ. ಕಾಣಿಸಲ್ಲ ಅಷ್ಟೆ.

ಹೀರೋ ಹೊಸಬ. ಅವನಿಗೆ ಕಾರು ಓಡಿಸೋಕೆ ಬರುತ್ತಿರಲಿಲ್ಲ. ಮುಂದೆ ಕ್ಯಾಮೆರಾ ಕಟ್ಟಿದ ಜೀಪು, ಅದಕ್ಕೆ ಹಗ್ಗ ಕಟ್ಟಿ ನಮ್ಮ ಹೆರಾಲ್ಡು. ಜೀಪು ನಿಂತಾಗ ಹೆರಾಲ್ಡ್ ಹೋಗಿ ಗುದ್ದಬಾರದಲ್ಲ? ಅದಕ್ಕೆ ಮುಂದಿನ ಸೀಟುಗಳ ಹಿಂದೆ ನೆಲದ ಮೇಲೆ ನಾನು ಮುದುರಿ ಮಲಗಿದೆ. ಡೈರೆಕ್ಟರು "ಕಟ್" ಅಂದ ಕೂಡಲೇ ಸೀಟುಗಳ ಸಂದಿಯಲ್ಲಿ ಕೈ ತೂರಿಸಿ ಹ್ಯಾಂಡ್‌ಬ್ರೇಕ್ ಎಳೀಬೇಕು. ಮೇಲೆ ಹಾಡು, ನಗು, ಗಾಳಿ. ಕೆಳಗೆ ನಾನು, ಪೆಟ್ರೋಲ್ ವಾಸನೆ, ಬೆನ್ನಿಗೆ ಒತ್ತುವ ಜ್ಯಾಕು. ಹೀರೋಯಿನ್ ಒಂದು ಸಲ ಹಿಂದೆ ಬಗ್ಗಿ "ಪಾಪ, ಏಟಾಯ್ತಾ?" ಅಂತ ಕೇಳಿದಳು. ಆ ಎರಡು ಮಾತಿಗೆ ನನ್ನ ಆರು ತಿಂಗಳ ಸುಸ್ತು ಇಳಿದುಹೋಯ್ತು.

ಕ್ಯಾಮೆರಾಮನ್ನು ಮಾತ್ರ ಬೈದ. ಮುಂದಿನ ಗಾಜಿನ ಫ್ರೇಮಿನ ಮೇಲೆ ಹಳೇ ಬೀಡಿಂಗಿನ ಅಂಟು ಕಪ್ಪಗೆ ಕಾಣುತ್ತಿದೆ ಅಂತ. ಬನಿಯನ್ ಬಟ್ಟೆಗೆ ಪೆಟ್ರೋಲ್ ಹಾಕಿ ಗಸಗಸ ಉಜ್ಜಿದೆ. ಎಡಗಡೆ ಮೂಲೆಯಲ್ಲಿ ಒಂದು ಗೇಣು ಉಳಿದೇಹೋಯ್ತು.

ಪ್ಯಾಕಪ್ ಆದ ಮೇಲೆ ಪ್ರೊಡಕ್ಷನ್ ಮ್ಯಾನೇಜರ್ ನನ್ನ ಭುಜ ತಟ್ಟಿದ. "ಮುಖ ಪರವಾಗಿಲ್ಲ ಕಣೋ ನಿನ್ನದು. ನಾಳೆ ಹತ್ತು ಗಂಟೆಗೆ ಗಾಂಧಿನಗರದ ಆಫೀಸಿಗೆ ಬಾ. ಒಂದು ಚಾನ್ಸ್ ನೋಡೋಣ."

ಚಾನ್ಸ್! ಆ ಪದಕ್ಕೆ ಎಂಥ ಶಕ್ತಿ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ನಾಲ್ಕು ಬೆರಳು

ರಾತ್ರಿ ಎಂಟಕ್ಕೆ ಗ್ಯಾರೇಜು ಸೇರಿದೆ. ಇನ್ನೊಬ್ಬ ಹುಡುಗನನ್ನು ಎಬ್ಬಿಸಿಕೊಂಡು ಕೆಲಸ ಶುರು. ಹಳೇ ಅಂಟನ್ನು ಪೂರ್ತಿ ಕೆರೆಯಬೇಕಿತ್ತು. ಅರ್ಧ ಕೆರೆದೆ. ಮುಂದಿನ ಬೀಡಿಂಗನ್ನು ಅಳತೆ ಹಿಡಿಯದೆ ಧಾರಾಳವಾಗಿ ಕತ್ತರಿಸಿ, ಕೂರಿಸಿದ ಮೇಲೆ ಉಳಿದ ತುದಿಯನ್ನು ಬಿಸಾಕಿದೆ. ಬಾಗಿಲ ಗಾಜಿನ ಮೇಲಂಚಿನ ಎರಡು ತುಂಡುಗಳಿಗೂ ಅದೇ ದರ್ಬಾರು. ಆಮೇಲೆ ಹಿಂದಿನ ಸುತ್ತು: ಒಂದು ಬಾಗಿಲ ಹಿಂದಿನಿಂದ ಶುರುವಾಗಿ, ಡಿಕ್ಕಿಯ ಮುಂದೆ ಹಾದು, ಇನ್ನೊಂದು ಬಾಗಿಲ ಹಿಂದಕ್ಕೆ ಮುಗಿಯೋದು. ಅಲ್ಲಿಗೆ ಬಂದಾಗ ಬೀಡಿಂಗು ನಾಲ್ಕು ಬೆರಳಿನಷ್ಟು ಕಮ್ಮಿ!

ಮಧ್ಯರಾತ್ರಿ. ಜೆ.ಸಿ. ರಸ್ತೆಯ ಅಂಗಡಿ ತೆರೆಯೋದು ಬೆಳಿಗ್ಗೆ ಹತ್ತಕ್ಕೆ. ಡಾಕ್ಟರಿಗೆ ಹೋಗಿ "ಮಧ್ಯಾಹ್ನ ಕೊಡ್ತೀನಿ ಸಾರ್" ಅಂದಿದ್ದರೆ ಅವರೇನು ನನ್ನನ್ನು ನುಂಗುತ್ತಿದ್ದರಾ? ಅವರಿಗೆ ಕಾರು ಬೇಕಾಗಿದ್ದದ್ದು ಬುಧವಾರಕ್ಕೆ. ಆದರೆ ಹತ್ತು ಗಂಟೆಗೆ ನನಗೆ ಗಾಂಧಿನಗರ!

ಎಳೆದೆ ಸ್ವಾಮಿ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ರಬ್ಬರು ಪಾಪದ್ದು, ಬಂತು. ತುದಿಗೆ ತುದಿ ಮುಟ್ಟಿತು. ಸಲ್ಯೂಷನ್ ಬಳಿದು, ಟಾಪು ಇಟ್ಟು, ಬೋಲ್ಟ್ ಬಿಗಿದೆ. ದೀಪ ಹಿಡಿದು ನೋಡಿದರೆ ಕಣ್ಣಿಗೆ ಕಟ್ಟೋ ಹಾಗೆ ಕೂತಿತ್ತು. ಮೇಸ್ತ್ರಿ ಕೂಡಾ ಇಷ್ಟು ಅಂದವಾಗಿ ಮಾಡಲ್ಲ ಅಂದುಕೊಂಡೆ.

ಬೆಳಿಗ್ಗೆ ಒಂಬತ್ತಕ್ಕೆ ಕಾರು ಬಸವನಗುಡಿಯಲ್ಲಿ. ಹತ್ತಕ್ಕೆ ನಾನು ಗಾಂಧಿನಗರದಲ್ಲಿ. ಬೆಂಚಿನ ಮೇಲೆ ಕೂತೆ. ಹನ್ನೆರಡಾಯಿತು, ಮೂರಾಯಿತು, ಆರಾಯಿತು. ದೀಪ ಹಚ್ಚೋ ಹೊತ್ತಿಗೆ ಪ್ರೊಡಕ್ಷನ್ ಮ್ಯಾನೇಜರ್ ಹೊರಗೆ ಬಂದ. ನನ್ನ ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯಿತು. "ಓ, ಕಾರಿನ ಹುಡುಗ! ಮುಂದಿನ ವಾರ ಬಾ" ಅಂದ.

ಬುಧವಾರ ಮಧ್ಯಾಹ್ನ ಮೋಡ ಕಟ್ಟಿತು. ಸೆಪ್ಟೆಂಬರ್ ಮಳೆ ಹೇಗಿರುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕೇ? ಆಕಾಶಕ್ಕೇ ತೂತು ಬಿದ್ದ ಹಾಗೆ ಸುರೀತು. ಗ್ಯಾರೇಜಿನ ತಗಡಿನ ಕೆಳಗೆ ನಿಂತು ನಾನು ಮಳೆ ನೋಡುತ್ತಿದ್ದೆ. ಮಧುಬಾಲಾ ನೆನಪಾಗಲಿಲ್ಲ. ನಾಲ್ಕು ಬೆರಳು ನೆನಪಾಯಿತು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಊರಿಂದ ವಾಪಸ್ ಬಂದಿದ್ದರು. ಹತ್ತು ಗಂಟೆಗೆ ಹೆರಾಲ್ಡ್ ಬಂದು ನಿಂತಿತು. ಡಾಕ್ಟರು ಇಳಿದರು. ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಣಗೋಕೆ ಅಂತ ಹಿಂದಿನ ಸೀಟಿನ ಮೇಲೆ ಹರಡಿದ್ದ ಕೊಡೆಯನ್ನು ತೆಗೆದು ತೋರಿಸಿದರು.

"ಕಾರಿನೊಳಗೆ ಕೊಡೆ ಹಿಡ್ಕೊಂಡು ಬಂದ್ವಿ ಕಣಯ್ಯ. ಬಾಣಂತಿ ಕೊಡೆ ಹಿಡಿದಿದ್ದಳು, ಮಗು ಅದರ ಕೆಳಗೆ. ಆರು ದಿನದ ಮಗು. ಸದ್ಯ, ಅದಕ್ಕೇನೂ ಆಗಲಿಲ್ಲ. ನನ್ನ ಹೆಂಡತಿ ಸೀರೆ ಪೂರ್ತಿ ನೆಂದುಹೋಯ್ತು."

ಇಷ್ಟೇ ಹೇಳಿದ್ದು. ಇದೇ ನೋಡಿ ನಾನು ಕಾಯುತ್ತಿದ್ದ ಮಳೆಯ ಅತಿಥಿ.

ರಬ್ಬರಿಗೆ ಜ್ಞಾಪಕ ಇದೆ

ಮೇಸ್ತ್ರಿ ಏನೂ ಕೇಳದೆ ಕಾರಿನ ಹಿಂದಕ್ಕೆ ಹೋದರು. ಎಡಗಡೆ ಬಾಗಿಲ ಹಿಂದಿನ ಮೂಲೆ. ಅಂಟು ಬಿಟ್ಟುಕೊಂಡು ಬೀಡಿಂಗಿನ ತುದಿ ಹಿಂದೆ ಸರಿದಿತ್ತು. ಸರಿಯಾಗಿ ನಾಲ್ಕು ಬೆರಳು ಖಾಲಿ. ಮೇಸ್ತ್ರಿ ತಮ್ಮ ಬೆರಳು ಅಲ್ಲಿಟ್ಟು ಅಳೆದರು.

"ಎಳೆದೆಯಾ?"

"ಹೂಂ ಅಣ್ಣ."

"ಯಾಕೆ?"

ಗಾಂಧಿನಗರ ಅಂದೆ. ಅವರು ನಗಲಿಲ್ಲ, ಹೊಡೆಯಲೂ ಇಲ್ಲ. ಡಾಕ್ಟರ ಕಡೆ ತಿರುಗಿ, "ಸಾರ್, ಸಿನಿಮಾದವರ ಬಾಡಿಗೆಯಲ್ಲಿ ನನ್ನ ಪಾಲೂ ನಿಮ್ಮದೇ. ಕಾರು ಶನಿವಾರ ಕೊಡ್ತೀನಿ. ತಪ್ಪು ನಂದು" ಅಂದರು. ತಪ್ಪು ನಂದು ಅಂದರು! ಗ್ಯಾರೇಜಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಆಮೇಲೆ ಹೇಳಿದರು: "ರಬ್ಬರಿಗೆ ಜ್ಞಾಪಕ ಇದೆ ಕಣೋ. ತಾನು ಎಷ್ಟು ಉದ್ದ ಹುಟ್ಟಿದ್ದೆ ಅನ್ನೋದನ್ನ ಅದು ಮರೆಯಲ್ಲ. ನೀನು ರಾತ್ರಿ ಎಳೆದರೆ ಹಗಲು ವಾಪಸ್ ಹೋಗುತ್ತೆ. ಎಳೆದ ರಬ್ಬರು ತೆಳ್ಳಗೂ ಆಗುತ್ತೆ. ಉದ್ದಕ್ಕೆ ಸುಳ್ಳು ಹೇಳಿದರೆ ದಪ್ಪದಲ್ಲಿ ಸಿಕ್ಕಿಬೀಳ್ತೀಯ."

ಎರಡು ದಿನ, ಅವರು ಸ್ಟೂಲಿನ ಮೇಲೆ ಕೂತು ಹೇಳಿದರು, ನಾನು ಮಾಡಿದೆ. ಹಳೇ ಕಾರು ಇಟ್ಟುಕೊಂಡಿರುವ ಹುಡುಗರಿಗೆ ಉಪಯೋಗಕ್ಕೆ ಬರಲಿ ಅಂತ ಅದನ್ನು ಬರೀತೀನಿ.

ಮೊದಲು ಕೆರೆಯೋದು. ಹಳೇ ಅಂಟು ಸಾಸಿವೆಯಷ್ಟು ಉಳಿದರೂ ಅದರ ಮೇಲೆ ರಬ್ಬರು ಗುಬ್ಬಿ ಏಳುತ್ತೆ, ನೀರಿಗೆ ಅದೇ ದಾರಿ. ಕಬ್ಬಿಣದ ಪಟ್ಟಿ ಬೇಡ, ಪೇಂಟು ಗೀರುತ್ತೆ. ಬಿದಿರಿನ ಚಕ್ಕೆ ಚೂಪು ಮಾಡಿಕೊಳ್ಳಬೇಕು. ಒಣಗಿದ ಅಂಟಿನ ಮೇಲೆ ಸೀಮೆಎಣ್ಣೆ ಬಟ್ಟೆ ಹಾಸಿ ಕಾಲು ಗಂಟೆ ಬಿಟ್ಟರೆ ಮೆತ್ತಗಾಗುತ್ತೆ. ಕೊನೆಗೆ ಸೋಪು ನೀರಿನಿಂದ ತೊಳೆದು ಎಣ್ಣೆ ಪಸೆ ಪೂರ್ತಿ ತೆಗೀಬೇಕು. ಬೀಡಿಂಗಿನ ಕೆಳಗೆ ತುಕ್ಕು ಕಂಡರೆ ಅದನ್ನು ಮುಚ್ಚಬಾರದು. ಎಮರಿ ಕಾಗದ, ರೆಡ್ ಆಕ್ಸೈಡು, ಪೇಂಟು, ಆಮೇಲೆ ರಬ್ಬರು.

ಎರಡನೆಯದು ರಬ್ಬರು ಆರಿಸೋದು. ಸ್ಪಂಜಿನ ಬೀಡಿಂಗಲ್ಲಿ ಎರಡು ಜಾತಿ. ಒಂದು ಚೂರನ್ನು ನೀರಲ್ಲಿ ಅದ್ದಿ ಹಿಂಡಿ ನೋಡಿ. ನೀರು ಕುಡಿದು ಉಗುಳಿದರೆ ಅದು ಪಾತ್ರೆ ತೊಳೆಯೋಕೆ ಲಾಯಕ್ಕು, ಕಾರಿಗಲ್ಲ. ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವ ಜಾತಿ ಬೇಕು. ಒತ್ತಿದರೆ ಅಮುಕಬೇಕು, ಬಿಟ್ಟರೆ ಎದ್ದು ನಿಲ್ಲಬೇಕು. ತುಂಬಾ ದಪ್ಪ ತಂದರೂ ತಪ್ಪು. ಟಾಪು ಕೂರೋದೇ ಇಲ್ಲ. ಬೋಲ್ಟ್ ಬಿಗಿದು ಬಲವಂತ ಮಾಡಿದರೆ ಗಾಜಿನ ಫ್ರೇಮು ಸೊಟ್ಟಗಾಗುತ್ತೆ.

ಮೂರನೆಯದು ಉದ್ದ. ಕೂರಿಸುವಾಗ ಎಳೆಯೋದಿರಲಿ, ಬದಲಿಗೆ ಸ್ವಲ್ಪ ಹಿಂದಕ್ಕೆ ತಳ್ಳಿ ತಳ್ಳಿ, ತುಂಬಿ ಕೂರಿಸಬೇಕು. ಮೂಲೆ ಮೊದಲು, ನೇರ ಆಮೇಲೆ. ಬ್ಲೇಡನ್ನು ಸೋಪು ನೀರಲ್ಲಿ ಅದ್ದಿ ಕತ್ತರಿಸಿದರೆ ತುದಿ ಹರಿಯದೆ ಸಾಫಾಗಿ ಬರುತ್ತೆ. ಕತ್ತರಿಸೋದು ಎಲ್ಲ ಕೂತ ಮೇಲೆ, ಕೊನೆಗೆ. ಕತ್ತರಿಸಿದ ಮೇಲೆ ರಬ್ಬರು ಉದ್ದ ಆಗಲ್ಲ, ತಲೆಕೂದಲಲ್ಲ ಅದು!

ಸಲ್ಯೂಷನ್ನು ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಅಂಟಿಯೂ ಅಂಟದ ಹಾಗೆ ಆಗೋವರೆಗೆ ಕಾಯಬೇಕು. ಹಸಿಯಾಗಿ ಒತ್ತಿದರೆ ಜಾರುತ್ತೆ. ಟಾಪು ಇಟ್ಟ ಮೇಲೆ ಬೋಲ್ಟನ್ನೆಲ್ಲ ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗೀಬೇಕು. ಒಂದು ರಾತ್ರಿ ಬಿಟ್ಟರೆ ರಬ್ಬರು ಕೂತಿರುತ್ತೆ; ಮಾರನೇ ದಿನ ಮತ್ತೆ ಅರ್ಧ ಸುತ್ತು.

ಕೊನೆಗೆ ಪರೀಕ್ಷೆ. ಬಾಗಿಲ ಗಾಜಿನ ಅಂಚಿಗೆ ಸೀಮೆಸುಣ್ಣ ಉಜ್ಜಿ, ಗಾಜು ಏರಿಸಿ ಬಾಗಿಲು ಹಾಕಿ ತೆಗೆದರೆ ಬೀಡಿಂಗಿನ ಮೇಲೆ ಬಿಳಿ ಗೆರೆ ಬೀಳುತ್ತೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಗಾಜು ಮುಟ್ಟಿಲ್ಲ. ಅಲ್ಲಿ ರಬ್ಬರನ್ನು ಬೈಯ್ಯಬೇಡಿ, ಬಾಗಿಲೊಳಗಿನ ಗಾಜನ್ನು ಸರಿಮಾಡಿ. ಒಂದು ಕಾಗದದ ಪಟ್ಟಿಯನ್ನು ಮಧ್ಯೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ನೀರೂ ಹಾಗೇ ಜಾರುತ್ತೆ.

ಎಲ್ಲ ಮುಗಿದ ಮೇಲೆ ಮೇಸ್ತ್ರಿ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಬಾಣಂತಿ ಕೂತಿದ್ದ ಜಾಗದಲ್ಲಿ! ತೊಡೆಯ ಮೇಲೆ ಒಂದು ನ್ಯೂಸ್‌ಪೇಪರ್ ಹಾಸಿದರು. ಹೊರಗಿನಿಂದ ಪೈಪು ಹಿಡಿದರು. ಮೊದಲು ಕೆಳಗೆ, ನಿಧಾನವಾಗಿ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ನೀರು ಎಲ್ಲಿ ನುಗ್ಗಿತು ಅಂತ ತಿಳಿಯಲ್ಲ. ಅರ್ಧ ಗಂಟೆ. ಗಾಜಿನ ಆಚೆ ಪೈಪು ಹಿಡಿದ ಮೇಸ್ತ್ರಿ, ಈಚೆ ನಾನು. ಮಾತಿಲ್ಲ. ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ. ನನ್ನ ಕಣ್ಣಿಂದ ಬಿದ್ದದ್ದನ್ನು ಲೆಕ್ಕಕ್ಕೆ ತಗೋಬೇಡಿ.

ಬೆಳ್ಳಿ ತೆರೆಯ ಮೇಲೆ ಒಂದು ಗೇಣು ಕಪ್ಪು

ಮುಂದಿನ ವಾರ ಮೇಸ್ತ್ರಿಯೇ ಕೇಳಿದರು, "ಗಾಂಧಿನಗರಕ್ಕೆ ಹೋಗಲ್ವಾ? ಹೋಗೋದಾದರೆ ಹೋಗು. ನಾನು ಬೇಡ ಅನ್ನಲ್ಲ. ಕೈಗೆ ತಗೊಂಡದ್ದನ್ನ ಮುಗಿಸಿ ಹೋಗು ಅಷ್ಟೆ." ಆವತ್ತು ಕೈಯಲ್ಲಿ ಒಂದು ಫಿಯೆಟ್ ಇತ್ತು. ಅದು ಮುಗಿಯೋ ಹೊತ್ತಿಗೆ ಒಂದು ಅಂಬಾಸಿಡರ್ ಬಂತು. ಹೀಗೇ ನಲವತ್ತು ವರ್ಷ ಆಗಿಹೋಯ್ತು!

ಸಿನಿಮಾ ಬಿಡುಗಡೆಯಾದಾಗ ಮೇಸ್ತ್ರಿಯನ್ನೂ ಕರೆದುಕೊಂಡು ಮೆಜೆಸ್ಟಿಕ್ಕಿಗೆ ಹೋಗಿದ್ದೆ. ಹಾಡು ಬಂತು. ಜನ ಎದ್ದು ಕುಣಿದರು. ಕೆನೆ ಬಣ್ಣದ ಹೆರಾಲ್ಡು ನಂದಿಬೆಟ್ಟದ ತಿರುವಿನಲ್ಲಿ ರಾಜಠೀವಿಯಿಂದ ಬರ್ತಿದೆ. ಹೀರೋ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದಿದ್ದಾನೆ. ನಾನು ನೋಡಿದ್ದು ಅವನನ್ನಲ್ಲ, ಗಾಜಿನ ಫ್ರೇಮಿನ ಎಡ ಮೂಲೆಯನ್ನು. ಅಲ್ಲಿತ್ತು, ಒಂದು ಗೇಣು ಕಪ್ಪು ಅಂಟು! ಪಕ್ಕಕ್ಕೆ ತಿರುಗಿದರೆ ಮೇಸ್ತ್ರಿಯೂ ಅದನ್ನೇ ನೋಡುತ್ತಿದ್ದಾರೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಿಂದಿನವನು "ಸುಮ್ನಿರ್ರೀ" ಅಂತ ಗದರಿಸಿದ.

ಮೇಸ್ತ್ರಿ ಈಗಿಲ್ಲ. ಹೆರಾಲ್ಡ್ ತಯಾರಾಗೋದು ನಿಂತು ದಶಕಗಳೇ ಆದವು. ಆದರೆ ಹಳೇ ಕಾರಿನ ಹುಚ್ಚು ಹೆಚ್ಚಾಗಿದೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಹೆರಾಲ್ಡಿನ ಬೀಡಿಂಗ್ ಮಾರುವ ಅಂಗಡಿಗಳಿವೆ, ಬಾಗಿಲಿಗೇ ತರಿಸಿಕೊಳ್ಳಬಹುದು. ರಬ್ಬರೂ ಬದಲಾಗಿದೆ. ಇಪಿಡಿಎಂ ಅನ್ನೋ ಜಾತಿ ಬಂದಿದೆ. ಬಿಸಿಲಿಗೆ ಸುಲಭಕ್ಕೆ ಬಿರಿಯಲ್ಲ. ಅದಕ್ಕೆ ಎಂಜಿನ್ ಆಯಿಲ್ಲು, ಮಾಮೂಲಿ ಗ್ರೀಸು ಮುಟ್ಟಿಸಬೇಡಿ, ಊದಿಕೊಂಡು ಕೆಡುತ್ತೆ. ಸಿಲಿಕೋನ್ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರಿದರೆ ಸಾಕು. ಜ್ಞಾಪಕ ಮಾತ್ರ ಈ ಹೊಸ ರಬ್ಬರಿಗೂ ಅಷ್ಟೇ ಇದೆ.

ಹೋದ ಮಳೆಗಾಲದಲ್ಲಿ ನನ್ನ ಚಿಕ್ಕ ಗ್ಯಾರೇಜಿಗೆ ಒಂದು ಕೆನೆ ಬಣ್ಣದ ಹೆರಾಲ್ಡ್ ಬಂತು. ಓಡಿಸಿಕೊಂಡು ಬಂದವರು ನಲವತ್ತರ ಹೆಣ್ಣುಮಗಳು. "ಟಾಪು ಸೋರುತ್ತೆ, ಬೀಡಿಂಗ್ ಬದಲಾಯಿಸಬೇಕು" ಅಂದರು. ನಂಬರ್ ಪ್ಲೇಟ್ ನೋಡಿದೆ. ಎದೆ ಧಸಕ್ ಅಂತು.

"ತಾತನ ಕಾರು. ನನಗೆ ಇದರ ಮೇಲೆ ಒಂಥರಾ ಪ್ರೀತಿ" ಅಂತ ನಕ್ಕರು. "ನಾನು ಹುಟ್ಟಿ ಮನೆಗೆ ಬಂದ ದಿನ ಇದರೊಳಗೇ ಕೊಡೆ ಹಿಡಿದಿದ್ದರಂತೆ. ಅಮ್ಮ ಇವತ್ತಿಗೂ ಹೇಳ್ತಾರೆ. ಯಾರೋ ಗ್ಯಾರೇಜ್ ಹುಡುಗ ಎಡವಟ್ಟು ಮಾಡಿದ್ದನಂತೆ."

ಹೇಳದೆ ಇದ್ದುಬಿಡಬಹುದಿತ್ತು. ಹೇಳಿದೆ.

"ಆ ಹುಡುಗ ನಾನೇ ಕಣಮ್ಮ."

ಆಕೆ ಒಂದು ಕ್ಷಣ ನನ್ನ ನರೆತ ತಲೆಯನ್ನೇ ನೋಡಿದರು. ಆಮೇಲೆ ಗ್ಯಾರೇಜು ತುಂಬುವ ಹಾಗೆ ನಕ್ಕರು. "ಹಾಗಾದರೆ ನೀವೇ ಸರಿಮಾಡಿ ಅಂಕಲ್. ಈ ಸಲ ಅಮ್ಮನ್ನ ಕೂರಿಸಿಕೊಂಡು ಮಳೇಲೇ ಹೋಗ್ತೀನಿ" ಅಂದರು.

ಸಿನಿಮಾ ಸೇರಬೇಡಿ ಅಂತ ನಾನು ಯಾರಿಗೂ ಹೇಳಲ್ಲ ಗೆಳೆಯರೇ. ನಾನೂ ಇವತ್ತಿಗೂ ಶುಕ್ರವಾರ ಬಂದರೆ ಥಿಯೇಟರಿನ ಕಡೆ ನೋಡೋನೇ. ಗಾಂಧಿನಗರದ ಬಸ್ಸು ಹತ್ತುವ ಮುಂಚೆ ಕೈಯಲ್ಲಿರೋ ಕೆಲಸದ ನಾಲ್ಕು ಬೆರಳು ನೋಡಿಕೊಳ್ಳಿ, ಅಷ್ಟೆ. ಅದರ ಕೆಳಗೆ ಯಾರ ಮನೆಯ ಕೂಸು ಕೂತಿರುತ್ತೋ ನಮಗೆ ಗೊತ್ತಿರಲ್ಲ.

ಆಕೆ ಹೋದ ಮೇಲೆ ಟ್ವೈನು ದಾರ ಹಿಡಿದು ಹೆರಾಲ್ಡಿನ ಸುತ್ತ ಅಳತೆ ತೆಗೆದೆ. ನನ್ನ ಹುಡುಗನನ್ನು ಅಂಗಡಿಗೆ ಕಳಿಸುವಾಗ ಹೇಳಿದೆ:

"ಒಂದು ಗೇಣು ಹೆಚ್ಚಿಗೇ ತಗೊಂಡು ಬಾ ಮಗಾ."